ಅರ್ಧ ತೊಯ್ದ ನಕ್ಷೆ

ಹೆತ್ತವರು ಇಟ್ಟ ಹೆಸರು ಮದುವೆಯ ಕಾಗದಪತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಬೀದಿಗೆಲ್ಲ ಆಕೆ ಯಾಕಮ್ಮ. ಯಾರು ಏನೇ ಹೇಳಲಿ, ಮಾತು ಮುಗಿಯುವ ಮೊದಲೇ ಆಕೆಯ ಬಾಯಿಂದ "ಯಾಕೆ?" ಹೊರಬೀಳುತ್ತಿತ್ತು. ಹಾಲು ಒಡೆಯಿತು ಎಂದರೆ ಯಾಕೆ, ಬಸ್ಸು ತಡ ಎಂದರೆ ಯಾಕೆ, ಎದುರು ಮನೆಯ ಗೋಡೆಗೆ ಹಸಿರು ಬಣ್ಣ ಹೊಡೆಸಿದರು ಎಂದರೆ ಹಸಿರೇ ಯಾಕೆ. ಕೇಳಿ ಕೇಳಿ ಹೆಸರೇ ಅದಾಯಿತು. ಬೀದಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು, ಯಾರೋ ಹಿಂದಿನಿಂದ "ಯಾಕಮ್ಮಾ!" ಎಂದು ಕೂಗಿದ್ದು ಕೇಳಿ, ತನ್ನನ್ನೇ ವಿಚಾರಿಸುತ್ತಿದ್ದಾರೆಂದು ತಿಳಿದು, "ಏನಿಲ್ಲ, ಸುಮ್ನೆ ನಿಂತಿದ್ದೀನಿ" ಎಂದಿದ್ದಳಂತೆ.

ಆಕೆಯ ಕಸುಬು ಹುಟ್ಟಿದ್ದೂ ಇಂಥದೇ ಒಂದು ಪ್ರಶ್ನೆಯಿಂದ. ಮದುವೆಯಾದ ಹೊಸತರಲ್ಲಿ ಅತ್ತೆಯ ಜೊತೆ ಕೂತು ಒಂದು ಕೌದಿ ಹೊಲಿದಿದ್ದಳು. ಕೆಂಪು ಬಿಳಿ ಚೌಕಗಳು, ಅಡಿಯಲ್ಲಿ ಹೊಸ ಹತ್ತಿಬಟ್ಟೆ, ಮೂರು ತಿಂಗಳ ಕೆಲಸ. ಮೊದಲ ಸಲ ಒಗೆದಾಗ ಕೆಂಪು ಬಣ್ಣ ಬಿಟ್ಟುಕೊಂಡು ಬಿಳಿಗೆಲ್ಲ ಹಿಡಿಯಿತು. ಅಡಿಬಟ್ಟೆ ಕುಗ್ಗಿ ಇಡೀ ಕೌದಿ ಒಣಗಿದ ಎಲೆಯ ಹಾಗೆ ಮುದುಡಿತು. "ನಮ್ಮ ಹಣೆಬರಹ" ಎಂದು ಅತ್ತೆ ಅದನ್ನು ಮಂಚದ ಕೆಳಗೆ ನೂಕಿದರು. ಸೊಸೆಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಬೇರೆ ಬೇರೆ ಬಟ್ಟೆಯ ತುಂಡುಗಳನ್ನು ತಂದು, ಒಂದೊಂದರ ಮೇಲೂ ಹತ್ತು ಬೆರಳಿನಷ್ಟು ಉದ್ದಕ್ಕೆ ದಾರದ ಗುರುತು ಹಾಕಿ, ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ, ಮತ್ತೆ ಅಳೆದಳು. ಒಂದು ಬಟ್ಟೆ ಹತ್ತಕ್ಕೆ ಹತ್ತೇ ಉಳಿಯಿತು. ಇನ್ನೊಂದು ಒಂಬತ್ತೂವರೆಗೆ ಇಳಿಯಿತು. ಮತ್ತೊಂದು ಒಂಬತ್ತಕ್ಕೇ ಬಂತು. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಬಟ್ಟೆ ಕುಗ್ಗುವುದೇ ಆದರೆ ಹೊಲಿಯುವ ಮೊದಲೇ ಕುಗ್ಗಿಬಿಡಲಿ ಎಂಬುದು ಆಕೆ ಕಂಡುಕೊಂಡ ಉತ್ತರ.

ಕೆಳಗಿನ ಬೀದಿಯಲ್ಲಿ ಆರು ಹೊಲಿಗೆ ಯಂತ್ರಗಳನ್ನು ಇಟ್ಟುಕೊಂಡು ಕೌದಿ ಮಾಡಿಸುವ ಹೆಂಗಸಿನ ಕಿವಿಗೆ ಈ ಸುದ್ದಿ ಬಿತ್ತು. ಎಲ್ಲರೂ ಆಕೆಯನ್ನು ಕೌದಿ ಅಕ್ಕ ಎನ್ನುತ್ತಿದ್ದರು. ಅವಳಿಗೂ ಮುದುಡಿದ ಕೌದಿಗಳ ದೂರು ಕೇಳಿ ಕೇಳಿ ಸಾಕಾಗಿತ್ತು. ಅಂದಿನಿಂದ ಹದಿನೆಂಟು ವರ್ಷ, ಅವಳ ಅಂಗಡಿಯ ಅಡಿಬಟ್ಟೆಗಳೆಲ್ಲ ಮೊದಲು ಯಾಕಮ್ಮನ ಮನೆಗೆ ಬಂದು, ತೊಳೆಸಿಕೊಂಡು, ಇಸ್ತ್ರಿ ಮಾಡಿಸಿಕೊಂಡು, ಆಮೇಲೆ ಹೊಲಿಗೆಗೆ ಹೋಗುತ್ತಿದ್ದವು.

ಮನೆ ಎಂದರೆ ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಮೂರು ಕೋಣೆ. ನಡುಮನೆಯಲ್ಲಿ ಸಾಮಾನೇ ಇಲ್ಲ. ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರೆ ಅದೇ ಕೆಲಸದ ಜಾಗ. ಬಂದ ಬಟ್ಟೆಯ ನಾಲ್ಕೂ ಮೂಲೆಗಳನ್ನು ಮೊದಲು ಓರೆಯಾಗಿ ಕತ್ತರಿಸಬೇಕು, ಆಗ ಅಂಚಿನ ಎಳೆ ಬಿಚ್ಚಿಕೊಂಡು ನೀರಿನಲ್ಲಿ ಗಂಟಾಗುವುದಿಲ್ಲ. ಬಚ್ಚಲಿನ ಸಿಮೆಂಟ್ ತೊಟ್ಟಿಯಲ್ಲಿ ನೆನೆಹಾಕಿ, ಕಾಲಿನಿಂದ ತುಳಿದು, ನೀರು ತಿಳಿಯಾಗುವವರೆಗೆ ಜಾಲಿಸಬೇಕು. ತಾರಸಿಯ ಮೇಲೆ ಹರವಿ, ಪೂರ್ತಿ ಒಣಗುವ ಮುಂಚೆಯೇ ತೆಗೆಯಬೇಕು. ಆಮೇಲೆ ಎಳೆಯುವ ಕೆಲಸ: ಒಂದು ಮೂಲೆ ಅತ್ತೆ, ಎದುರಿನ ಮೂಲೆ ಸೊಸೆ, ಕಾಲು ಊರಿ ಹಿಂದಕ್ಕೆ ಬಾಗಿ ಜಗ್ಗಿದರೆ ಸೊಟ್ಟಗಾದ ಬಟ್ಟೆ ಚೌಕಕ್ಕೆ ಬರುತ್ತದೆ. ತಾರಸಿಯ ಮೇಲೆ ಇದನ್ನು ಕಂಡವರು, "ಅತ್ತೆ ಸೊಸೆ ಶುರು ಹಚ್ಕೊಂಡ್ರು ನೋಡಿ" ಎಂದು ನಗುತ್ತಿದ್ದರು. ಕೊನೆಗೆ ನೆಲದ ಮೇಲೆ ಎರಡು ಕಂಬಳಿ, ಅದರ ಮೇಲೆ ಬಿಳಿ ಹೊದಿಕೆ, ಅದರ ಮೇಲೆ ಬಟ್ಟೆ. ಮೊಣಕಾಲೂರಿ ಕೂತು ಇಸ್ತ್ರಿ. ಪೆಟ್ಟಿಗೆಯನ್ನು ಉಜ್ಜಿಕೊಂಡು ಹೋಗುವಂತಿಲ್ಲ. ಒತ್ತಬೇಕು, ಎತ್ತಬೇಕು, ಮುಂದಿಡಬೇಕು. ಉಜ್ಜಿದರೆ ಬಟ್ಟೆ ಮತ್ತೆ ಸೊಟ್ಟಗಾಗುತ್ತದೆ.

ಇಷ್ಟಕ್ಕೂ ಬೇಕಾದದ್ದು ನೀರು. ಅದೇ ತೊಂದರೆ. ಕೆಳಗಿನ ಬೀದಿಯಿಂದ ಹದಿನಾಲ್ಕು ಕಲ್ಲಿನ ಮೆಟ್ಟಿಲು ಹತ್ತಿದರೆ ಅವರ ಓಣಿ. ಮೆಟ್ಟಿಲಿನ ಪಕ್ಕದ ಮೂರು ಮನೆಗಳಿಗೆ ನಲ್ಲಿಯಲ್ಲಿ ನೀರು ಧೋ ಎಂದು ಬೀಳುತ್ತಿತ್ತು. ಅಲ್ಲಿಂದ ಮುಂದೆ, ಮೇಷ್ಟ್ರ ಮನೆಯಿಂದ ಹಿಡಿದು ಓಣಿಯ ಕೊನೆಯ ಯಾಕಮ್ಮನ ಮನೆಯವರೆಗೆ, ನಲ್ಲಿ ತಿರುಗಿಸಿದರೆ ದಾರದಷ್ಟು ದಪ್ಪ. ಹನ್ನೆರಡು ವರ್ಷದಿಂದ ಹೀಗೇ. ಕೆಳಗಿನ ಬೀದಿಯ ನಲ್ಲಿಯಿಂದ ಯಾಕಮ್ಮ ಕೊಡ ಹೊತ್ತು ತರಬೇಕಿತ್ತು. ಒಂದು ದೊಡ್ಡ ಬಟ್ಟೆಗೆ ಎಂಟು ಕೊಡ.

ಬೀದಿಗೆ ನೀರು ಬಿಡುವವನನ್ನು ಎಲ್ಲರೂ ನೀರಣ್ಣ ಎನ್ನುತ್ತಿದ್ದರು. ಸೈಕಲ್ಲಿನ ಅಡ್ಡಕಂಬಿಗೆ ಉದ್ದನೆಯ ಕಬ್ಬಿಣದ ಕೀಲಿ ಕಟ್ಟಿಕೊಂಡು ಬರುವ ಅವನನ್ನು ಯಾಕಮ್ಮ ವಾರಕ್ಕೊಮ್ಮೆಯಾದರೂ ಅಡ್ಡಗಟ್ಟುತ್ತಿದ್ದಳು.

"ಏರು ಜಾಗ ಅಕ್ಕಾ. ಇಷ್ಟು ದೂರ ಬರೋ ಹೊತ್ತಿಗೆ ನೀರಿಗೂ ಸುಸ್ತಾಗುತ್ತೆ."

"ಮೆಟ್ಟಿಲು ಹತ್ತಿದ ಮೇಲೆ ಓಣಿಯೆಲ್ಲ ಸಮತಟ್ಟಾಗಿದೆಯಲ್ಲಾ ಅಣ್ಣಾ. ಮೂರನೇ ಮನೆಗೆ ಆಗದ ಸುಸ್ತು ನಾಲ್ಕನೇ ಮನೆಗೆ ಯಾಕೆ?"

ನೀರಣ್ಣ ನಕ್ಕು ಸೈಕಲ್ ಹತ್ತುತ್ತಿದ್ದ. ಅವನಿಗೆ ಗೊತ್ತಿದ್ದರೆ ತಾನೇ ಹೇಳಲು.

ಹೀಗಿರುವಾಗ ಒಂದು ಬೆಳಿಗ್ಗೆ ಕೌದಿ ಅಕ್ಕ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು. ಹಿಂದೆ ಕೂಲಿಯಾಳಿನ ಹೆಗಲ ಮೇಲೆ ಚಾಪೆಯ ಹಾಗೆ ಸುತ್ತಿದ ದೊಡ್ಡ ಸುರುಳಿ. ನಡುಮನೆಯಲ್ಲಿ ಇಳಿಸಿದಾಗ ಅದು ಕರಕರ ಎಂದಿತು.

"ಇಪ್ಪತ್ತೆರಡು ಹಾಳೆ ಇದೆ. ಶಿಶುವಿಹಾರದ ಮಕ್ಕಳಿಗೆ ಪುಟ್ಟ ಪುಟ್ಟ ಕೌದಿ ಬೇಕಂತೆ. ಹತ್ತು ದಿನದಲ್ಲಿ ತೊಳೆದು ಇಸ್ತ್ರಿ ಮಾಡಿ ಕೊಡು."

ಯಾಕಮ್ಮ ಮುಟ್ಟಿ ನೋಡಿದಳು. ತಿಳಿನೀಲಿ ಬಣ್ಣ, ಒಂದು ಕಡೆ ಗಾಜಿನ ಹಾಗೆ ಮಿರುಗು, ಮಡಿಸಲು ಹೋದರೆ ಮಡಿಯದು. ಮೇಲೆಲ್ಲ ಕಪ್ಪು ಶಾಯಿಯ ಸಣ್ಣ ಸಣ್ಣ ಗೆರೆಗಳು.

"ಅಕ್ಕಾ, ಇದು ಬಟ್ಟೇನಾ ಕಾಗದಾನಾ?"

"ಬಟ್ಟೇನೇ. ಯಾವುದೋ ಹಳೇ ನಕ್ಷೆ ಆಫೀಸು ಮುಚ್ಚಿದ್ರು, ಅಲ್ಲಿನ ಸಾಮಾನಿನ ಜೊತೆ ಇದೂ ಬಂತು. ಹಿಂದೆ ನಕ್ಷೆ ಬರೆಯೋದಕ್ಕೆ ನವಿರಾದ ಬಟ್ಟೆಗೆ ಗಂಜಿ ಹಾಕಿ ಮೆರುಗು ಕೊಡ್ತಿದ್ರಂತೆ. ತೊಳೆದರೆ ಒಳಗಿನ ಬಟ್ಟೆ ಬೆಣ್ಣೆ ಇದ್ದ ಹಾಗೆ ಅಂದ್ರು."

ಅಕ್ಕ ಹೋದ ಕೂಡಲೇ ಯಾಕಮ್ಮ ಒಂದು ಹಾಳೆಯ ಮೂಲೆ ಕತ್ತರಿಸಿ ಲೋಟದ ನೀರಿಗೆ ಹಾಕಿದಳು. ಎರಡು ನಿಮಿಷದಲ್ಲಿ ಮೆರುಗು ಜಾರಿತು, ನೀರು ಲೋಳೆಯಾಯಿತು. ಬೆರಳಿನಲ್ಲಿ ಹಿಂಡಿದರೆ ಕೈಗೆ ಬಂದದ್ದು ಹೂವಿನ ಪಕಳೆಯಂಥ ಬಿಳಿ ಬಟ್ಟೆ. ಆಕೆ ಬೆರಗಾಗಿ ಅದನ್ನು ಅತ್ತೆಯ ಕೆನ್ನೆಗೆ ತಾಗಿಸಿದಳು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ನನಗೆ ಎಲ್ಲಾ ಕಾಣುತ್ತೆ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಕೆನ್ನೆಗೆ ಮಾತ್ರ ಪೊರೆ ಬಂದಿರಲಿಲ್ಲ. "ಅಯ್ಯೋ, ಎಷ್ಟು ಮೆತ್ತಗಿದೆ!" ಎಂದರು.

ಮೊದಲ ನಾಲ್ಕು ಹಾಳೆಗಳನ್ನು ಯಾಕಮ್ಮ ಒಂದೇ ದಿನದಲ್ಲಿ ತೊಳೆದು ಮುಗಿಸಿದಳು. ಐದನೆಯದನ್ನು ತೊಟ್ಟಿಗೆ ಇಳಿಸುವಾಗ ಗೆರೆಗಳು ನೀರಿನಲ್ಲಿ ಕರಗುವುದನ್ನು ಕಂಡು ಕೈ ತಡೆಯಿತು. ಯಾರೋ ಒಬ್ಬರು ಬೆನ್ನು ಬಗ್ಗಿಸಿ, ಉಸಿರು ಬಿಗಿಹಿಡಿದು ಎಳೆದ ಗೆರೆಗಳಲ್ಲವೇ ಇವು? ಏನು ಬರೆದಿದ್ದಾರೆಂದು ನೋಡದೆಯೇ ತೊಳೆದುಬಿಟ್ಟೆನಲ್ಲ ಎನ್ನಿಸಿತು. ಅಂಚು ಮಾತ್ರ ಒದ್ದೆಯಾಗಿದ್ದ ಹಾಳೆಯನ್ನು ಹೊರಗೆಳೆದು ನೆಲದ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಪಾತ್ರೆ ಇಟ್ಟು, ಸುತ್ತಲೂ ತೆವಳಿ ನೋಡಿದಳು. ಒಂದು ಸೇತುವೆ. ಪಕ್ಕದಿಂದ ಕಂಡ ಹಾಗೆ ಒಮ್ಮೆ, ಮೇಲಿನಿಂದ ಕಂಡ ಹಾಗೆ ಒಮ್ಮೆ, ಅಡ್ಡಡ್ಡ ಸೀಳಿದ ಹಾಗೆ ಒಮ್ಮೆ. ಒಂದೊಂದು ಮೊಳೆಗೂ ಒಂದು ಪುಟ್ಟ ವೃತ್ತ. ಪ್ರತಿ ವೃತ್ತದ ನಟ್ಟನಡುವೆ ಸೂಜಿ ಚುಚ್ಚಿದಂಥ ತೂತು.

ಸಂಜೆ ಬಂದ ಕೌದಿ ಅಕ್ಕನನ್ನು ಕೇಳಿದಳು, "ಈ ತೂತು ಯಾಕೆ?"

"ಹುಳ ತಿಂದಿರಬೇಕು."

"ಹುಳ ಹೀಗೆ ಅಳತೆ ಹಿಡಿದು ತಿನ್ನುತ್ತಾ ಅಕ್ಕಾ?"

ಉತ್ತರವನ್ನು ಮೇಷ್ಟ್ರು ಕೊಟ್ಟರು. ಅವರು ಲೆಕ್ಕ ಕಲಿಸಿ ನಿವೃತ್ತರಾದವರು, ಈಗ ಮನೆಯ ಮುಂದೆ ಓಣಿಯ ಉದ್ದಕ್ಕೂ ಹೂಕುಂಡ ಸಾಲಿಟ್ಟುಕೊಂಡು ಕೂತಿದ್ದರು. "ಅದು ಕೈವಾರದ ಮೊನೆ ಊರಿದ ತೂತು. ವೃತ್ತ ಎಳೀಬೇಕಾದ್ರೆ ನಡುವೆ ಚುಚ್ಚಲೇಬೇಕಲ್ಲ."

ಆ ದಿನದಿಂದ ತೊಳೆಯುವ ಮುಂಚೆ ಪ್ರತಿಯೊಂದು ಹಾಳೆಯನ್ನೂ ನೋಡಿ, ಇದ್ದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರುಮಾಡಿದಳು. ಊಟಕ್ಕೆ ಕೂತಾಗ ಗಂಡನಿಗೆ ವರದಿ. ಗಂಡ ಶಾಲೆಯ ಬಸ್ಸಿನ ಡ್ರೈವರು, ಮಾತು ಕಡಿಮೆ.

"ನಿನ್ನೆ ಸೇತುವೆ ತೊಳೆದೆ. ಇವತ್ತು ಒಂದು ಗೋಪುರ, ಒಂದು ಗೋದಾಮು ತೊಳೆದೆ ಕಣ್ರೀ."

"ನೋಡ್ಕೊಂಡು ತೊಳಿ. ನಾಳೆ ಸೇತುವೆ ಮೇಲೆ ನಾನು ಬಸ್ ಓಡಿಸ್ಬೇಕು" ಎಂದ ಆತ.

ಒಂಬತ್ತನೆಯ ಹಾಳೆ ಬೇರೆ ಥರ ಇತ್ತು. ಅದರಲ್ಲಿ ಕಟ್ಟಡವಿಲ್ಲ. ಸಣ್ಣ ಸಣ್ಣ ಚೌಕಗಳ ಎರಡು ಸಾಲು, ನಡುವೆ ಖಾಲಿ ಜಾಗ, ಖಾಲಿ ಜಾಗದ ಎಡ ಅಂಚಿಗೆ ಒಂದು ನೀಲಿ ಗೆರೆ. ಒಂದು ಕಡೆ ಒತ್ತೊತ್ತಾಗಿ ಅಡ್ಡಗೆರೆಗಳು. ಸುಮ್ಮನೆ ಎಣಿಸಿದಳು, ಹದಿನಾಲ್ಕು. ಅಡ್ಡಗೆರೆಗಳ ಬುಡದಲ್ಲಿ ಮೂರು ದಾರಿ ಕೂಡಿ ತ್ರಿಕೋನದ ಒಂದು ಕಟ್ಟೆ. ಕೊಡ ಹೊತ್ತು ದಿನಾ ದಣಿವಾರಿಸಿಕೊಳ್ಳುವ ಕಟ್ಟೆ ಅದು! ಹದಿನಾಲ್ಕು ಮೆಟ್ಟಿಲು! ಬೆರಳನ್ನು ಮೆಟ್ಟಿಲಿನಿಂದ ಮೇಲಕ್ಕೆ ಸರಿಸಿದಳು. ಒಂದು ಮನೆ, ಎರಡು, ಮೂರು... ಕೊನೆಯ ಚೌಕದ ಮೇಲೆ ಬೆರಳು ನಿಂತಿತು. ತಾನು ಈಗ ಮೊಣಕಾಲೂರಿ ಕೂತಿರುವ ಮನೆ.

ನೀಲಿ ಗೆರೆ ನೀರಿನ ಕೊಳವೆಯೇ ಇರಬೇಕು. ಅದು ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪಕ್ಕಿತ್ತು. ಮೂರನೇ ಮನೆಯಾಚೆ ಮಾತ್ರ ಗೆರೆಯ ಮೇಲೆ ಒಂದು ವೃತ್ತ, ವೃತ್ತದೊಳಗೆ ಅಡ್ಡ ಗುರುತು. ಕೆಳಗಿನ ಬೀದಿಯಲ್ಲಿ ನೀರಣ್ಣ ಕೀಲಿ ಹಾಕಿ ತಿರುಗಿಸುವ ವಾಲ್ವು ಇರುವ ಕಡೆಯೂ ನಕ್ಷೆಯಲ್ಲಿ ಅದೇ ಗುರುತು. ಹಾಗಾದರೆ ಈ ಓಣಿಯಲ್ಲೂ ಒಂದು ವಾಲ್ವು ಇದೆ. ಯಾರಿಗೂ ಗೊತ್ತಿಲ್ಲದ ವಾಲ್ವು!

ಹಾಳೆಯನ್ನು ಸುತ್ತಿ ಗೋಡೆಗೆ ಒರಗಿಸಿ, ಚಪ್ಪಲಿ ಮೆಟ್ಟಿಕೊಂಡದ್ದೂ ಅರಿವಿಲ್ಲದೆ ಆಕೆ ನೀರಣ್ಣನನ್ನು ಹುಡುಕಿಕೊಂಡು ಓಡಿದಳು. ಅವನು ನಾಲ್ಕು ಬೀದಿ ಆಚೆ ಸಿಕ್ಕಿದ. "ನಾನು ಕೆಲಸಕ್ಕೆ ಸೇರಿ ಹತ್ತು ವರ್ಷ. ಅಂಥದೊಂದು ಇದ್ದಿದ್ರೆ ನನಗೆ ಗೊತ್ತಿರ್ತಿರಲಿಲ್ವಾ?" ಎಂದು ಗೊಣಗುತ್ತಲೇ ಸೈಕಲ್ ತಳ್ಳಿಕೊಂಡು ಹಿಂದೆ ಬಂದ.

ನಡುಮನೆಯ ಗೋಡೆ ಖಾಲಿ ಇತ್ತು. ಬಚ್ಚಲಿನಿಂದ ಚಪಚಪ ಸದ್ದು.

ಅತ್ತೆ ಸೀರೆ ಎತ್ತಿ ಕಟ್ಟಿ, ತೊಟ್ಟಿಯ ಅಂಚಿನಲ್ಲಿ ಕೂತು, ಆ ಹಾಳೆಯನ್ನು ಒಂದು ತುದಿಯಿಂದ ನೀರಿಗೆ ಇಳಿಸುತ್ತಿದ್ದರು. ಮುಖದಲ್ಲಿ ಸೊಸೆಗೆ ಸಹಾಯ ಮಾಡಿದ ಸಂತೋಷ.

"ಅತ್ತೇ!"

ಯಾಕಮ್ಮ ಹಾಳೆಯನ್ನು ಸೆಳೆದುಕೊಂಡಳು. ಅರ್ಧಕ್ಕೆ ಅರ್ಧ ಮೆತ್ತಗಾಗಿ ಜೋತುಬಿದ್ದಿತ್ತು. ಮೆಟ್ಟಿಲುಗಳಿದ್ದ ಭಾಗ ಒಣಗೇ ಉಳಿದಿತ್ತು. ಸರಿಯಾಗಿ ಹದಿನಾಲ್ಕನೆಯ ಮೆಟ್ಟಿಲಿನ ಗೆರೆಯಿಂದಾಚೆಗೆ ಓಣಿಯೂ ಇಲ್ಲ, ಮನೆಗಳೂ ಇಲ್ಲ, ನೀಲಿ ಗೆರೆಯೂ ಇಲ್ಲ. ಬಿಳಿ ಬಟ್ಟೆ ಅಷ್ಟೇ.

"ಏನಾಯ್ತು? ತೊಳೆಯೋದಕ್ಕೇ ಅಲ್ವಾ ತಂದಿಟ್ಟಿದ್ದು?" ಎಂದರು ಅತ್ತೆ. ಅದೂ ನಿಜವೇ. ಹಾಳೆಯ ಮೇಲೆ ಗೆರೆಗಳಿದ್ದುದು ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ. ಯಾಕಮ್ಮ ಬೈಯಲಿಲ್ಲ. ಅತ್ತೆಯ ಪಕ್ಕ ಅಲ್ಲೇ ತೊಟ್ಟಿಯ ಅಂಚಿನಲ್ಲಿ ಕುಸಿದಳು. ಏನಾಗಿಹೋಯಿತೆಂದು ತಿಳಿಸಿ ಹೇಳಿದಳು. ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದರು, ಒಣಗಿದ ಮೇಲೂ.

"ಇನ್ನೇನು ಮಾಡೋಕಾಗುತ್ತೆ ಅಕ್ಕಾ" ಎಂದು ನೀರಣ್ಣ ಸೈಕಲ್ಲಿನ ಕಡೆ ಹೊರಟ.

"ಒಂದು ಗಳಿಗೆ ಇರಿ ಅಣ್ಣಾ. ಒಂದು ಲೋಟ ಚಹಾ ಕುಡೀರಿ."

ಚಹಾ ಒಂದು ನೆಪ. ಯಾಕಮ್ಮನ ತಲೆಯಲ್ಲಿ ಕೈವಾರದ ಮೊನೆ ಓಡಾಡುತ್ತಿತ್ತು. ಶಾಯಿ ಗಂಜಿಯ ಮೇಲೆ ಕೂತಿತ್ತು, ಗಂಜಿಯ ಜೊತೆ ಹೋಯಿತು. ಆದರೆ ತೂತು? ತೂತು ಬಟ್ಟೆಯಲ್ಲೇ ಆದದ್ದಲ್ಲವೇ? ತೊಯ್ದ ಅರ್ಧವನ್ನು ಎರಡು ಒಣ ಟವೆಲಿನ ನಡುವೆ ಒತ್ತಿ ನೀರು ಹೀರಿಸಿದಳು. ನೆಲದ ಮೇಲೆ ಹರವಿ ಇಸ್ತ್ರಿ ಪೆಟ್ಟಿಗೆ ಕಾಯಿಸಿದಳು. ಉಜ್ಜಿದರೆ ಎಳೆಗಳು ಸರಿದು ತೂತು ಮುಚ್ಚಿಹೋದೀತು. ಒತ್ತಿದಳು, ಎತ್ತಿದಳು, ಮುಂದಿಟ್ಟಳು. ಹದಿನೆಂಟು ವರ್ಷದಲ್ಲಿ ಅಷ್ಟು ಮೆತ್ತಗೆ ಪೆಟ್ಟಿಗೆ ಊರಿದ್ದಿಲ್ಲ. ಆಮೇಲೆ ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿ ನೀರಣ್ಣನ ಕೈಗೆ ಕೊಟ್ಟು, ಬಿಸಿಲು ಬೀಳುವ ಕಿಟಕಿಗೆ ಅಡ್ಡವಾಗಿ ಬಟ್ಟೆ ಹಿಡಿದಳು.

ಬಿಳಿ ಬಟ್ಟೆಯ ಎಡ ಅಂಚಿನ ಕಡೆ ಸಾಸಿವೆಗಿಂತ ಸಣ್ಣದೊಂದು ಬೆಳಕಿನ ಚುಕ್ಕೆ.

"ಇದೇ!" ಎಂದಳು ಯಾಕಮ್ಮ. ನೀರಣ್ಣ ಇನ್ನೊಂದು ಕೈಯ ಚಹಾದ ಲೋಟ ಕೆಳಗಿಟ್ಟು, ಹಿಡಿದ ತುದಿ ಬಿಡದೆ ಬಗ್ಗಿ ನೋಡಿದ. ಈ ಸಲ ನಗಲಿಲ್ಲ.

ಇನ್ನು ಅಳತೆ. ಒಣಗಿದ್ದ ಭಾಗದಲ್ಲಿ ಹದಿನಾಲ್ಕು ಮೆಟ್ಟಿಲುಗಳ ಸಾಲು ಆಕೆಯ ಬೆರಳಿನಲ್ಲಿ ಹನ್ನೆರಡು ಬೆರಳು ಉದ್ದ. ಹೊರಗೆ ಹೋಗಿ, ಮೆಟ್ಟಿಲಿನ ಪಕ್ಕದ ಇಳಿಜಾರಿನಲ್ಲಿ ಕೆಳಗಿನಿಂದ ಮೇಲಕ್ಕೆ ನಡೆದಳು. ಹನ್ನೆರಡು ಹೆಜ್ಜೆ. ಅಂದರೆ ಒಂದು ಬೆರಳಿಗೆ ಒಂದು ಹೆಜ್ಜೆ. ಮೇಲಿನ ಮೆಟ್ಟಿಲಿನಿಂದ ಬೆಳಕಿನ ಚುಕ್ಕೆಗೆ ಅಳೆದರೆ ಹದಿನೆಂಟು ಬೆರಳು. ಎಡಗೋಡೆಯ ಪಕ್ಕದಲ್ಲಿ ಹದಿನೆಂಟು ಹೆಜ್ಜೆ ಎಣಿಸಿ ನಿಂತು, ಕಾಲಿನಿಂದ ನೆಲ ಗೀಚಿದಳು.

ನೀರಣ್ಣ ಕಬ್ಬಿಣದ ಸಲಾಕೆ ತಂದು ಚುಚ್ಚಿದ. ಮಣ್ಣು. ಗೇಣು ಆಚೆ ಚುಚ್ಚಿದ. ಮಣ್ಣು. ಗೇಣು ಈಚೆ ಚುಚ್ಚಿದ. ಅಲ್ಲೂ ಮಣ್ಣೇ. ಅಷ್ಟು ಹೊತ್ತಿಗೆ ಓಣಿಯ ಮಂದಿ ಸೇರಿದ್ದರು. ಮೇಷ್ಟ್ರು ತಮ್ಮ ಹೂಕುಂಡಗಳ ಹಿಂದೆ ಕಾವಲು ನಿಂತವರ ಹಾಗೆ ನಿಂತಿದ್ದರು.

"ಅಕ್ಕಾ, ನಿಮ್ಮ ಬಟ್ಟೆ ಸುಳ್ಳು ಹೇಳ್ತಿದೆ" ಎಂದ ನೀರಣ್ಣ, ಬೆವರು ಒರೆಸಿಕೊಳ್ಳುತ್ತಾ.

ಬಟ್ಟೆ ಸುಳ್ಳು ಹೇಳುತ್ತದೆ! ಆ ಮಾತು ಯಾಕಮ್ಮನ ಕಿವಿಯಲ್ಲಿ ಸಿಕ್ಕಿಕೊಂಡಿತು. ಬಟ್ಟೆ ಯಾವಾಗ ಸುಳ್ಳು ಹೇಳುತ್ತದೆ? ಮರುಗಳಿಗೆ ಆಕೆ ಹಣೆ ಚಚ್ಚಿಕೊಂಡಳು. "ನನ್ನ ಬುದ್ಧಿಗಿಷ್ಟು! ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಅದು ಕುಗ್ಗಿದೆ!"

ಒಳಗೆ ಓಡಿ, ಹಾಳೆಯ ಒಣಭಾಗದ ಬರಿ ಅಂಚಿನಿಂದ ಒಂದು ಪಟ್ಟಿ ಕತ್ತರಿಸಿ, ಹತ್ತು ಬೆರಳಿಗೆ ದಾರದ ಗುರುತು ಹಾಕಿ, ನೀರಿಗೆ ಅದ್ದಿ, ಹಿಂಡಿ, ಇಸ್ತ್ರಿ ಮಾಡಿದಳು. ಅತ್ತೆ ಬಾಗಿಲಲ್ಲಿ ನಿಂತು, "ಎಷ್ಟಾಯ್ತೇ? ಎಷ್ಟಾಯ್ತು?" ಎಂದು ಕೇಳುತ್ತಲೇ ಇದ್ದರು. ಅಳೆದಳು. ಹತ್ತು ಬೆರಳು ಒಂಬತ್ತಾಗಿತ್ತು.

"ಮೇಷ್ಟ್ರೇ, ಒಂಬತ್ತು ಅಂತ ಕಂಡಿದ್ದು ನಿಜವಾಗಿ ಹತ್ತಾದ್ರೆ, ಹದಿನೆಂಟು ಅಂತ ಕಂಡಿದ್ದು?"

"ಇಪ್ಪತ್ತು" ಎಂದರು ಮೇಷ್ಟ್ರು ತಟ್ಟನೆ. ಆಮೇಲೆ ಎರಡು ಹೆಜ್ಜೆ ಮುಂದೆ ಏನಿದೆ ಎಂದು ಅವರಿಗೇ ಹೊಳೆದು ಮುಖ ಇಳಿಯಿತು. "ಅಲ್ಲಮ್ಮ, ಅಲ್ಲಿ ನನ್ನ ಗುಲಾಬಿ ಇದೆ."

"ಗುಲಾಬಿಗೆ ನೀವು ಹಾಕೋ ನೀರೂ ಕೆಳಗಿನ ಬೀದಿಯಿಂದಾನೇ ಬರ್ತಿರೋದು, ಅಲ್ವಾ ಮೇಷ್ಟ್ರೇ?"

ಮೇಷ್ಟ್ರು ತಾವೇ ಪಂಚೆ ಎತ್ತಿ ಕಟ್ಟಿ ಕುಂಡ ಸರಿಸಲು ನಿಂತರು. ಏಳು ಕುಂಡ ಸರಿಯಿತು. ಸಲಾಕೆ ಮೊಳದಷ್ಟು ಇಳಿದು 'ಠಣ್' ಎಂದಿತು.

ನೀರಣ್ಣ ಮತ್ತೊಮ್ಮೆ ಕುಟ್ಟಿದ. ಠಣ್. ಗುದ್ದಲಿ ಬಂತು, ಮಣ್ಣು ಎದ್ದಿತು, ತಟ್ಟೆಯಗಲದ ಒಂದು ಕಬ್ಬಿಣದ ಮುಚ್ಚಳ ಕಂಡಿತು. ಅದನ್ನು ಎಬ್ಬಿಸಿದರೆ ಕೆಳಗೆ ಇಟ್ಟಿಗೆ ಕಟ್ಟಿದ ಪುಟ್ಟ ಗುಂಡಿ, ಗುಂಡಿಯೊಳಗೆ ತುಕ್ಕು ಹಿಡಿದು ಕೆಂಪಾದ ವಾಲ್ವು. ನೀರಣ್ಣ ಎಣ್ಣೆ ಬಿಟ್ಟು, ಕೀಲಿ ಸಿಕ್ಕಿಸಿ, ಅಲ್ಲಾಡಿಸಿ ನೋಡಿ ತಲೆ ಎತ್ತಿದ. "ಮುಕ್ಕಾಲು ಭಾಗ ಮುಚ್ಚಿದೆ ಅಕ್ಕಾ. ಹನ್ನೆರಡು ವರ್ಷದ ಹಿಂದೆ ಓಣಿಗೆ ಮಣ್ಣು ಹಾಕಿ ಎತ್ತರ ಮಾಡಿದ್ರಂತಲ್ಲ, ಆಗ ರಿಪೇರಿಗೆ ಅಂತ ಯಾರೋ ಮುಚ್ಚಿ, ಪೂರ್ತಿ ತೆಗೆಯೋದು ಮರೆತು, ಮಣ್ಣು ಎಳೆದುಬಿಟ್ಟಿದ್ದಾರೆ."

ಮೂವರು ಸೇರಿ ಕೀಲಿ ತಿರುಗಿಸಿದರು. ಅರ್ಧ ಸುತ್ತು, ಒಂದು ಸುತ್ತು. ಏನೂ ಆಗಲಿಲ್ಲ. ನೀರಣ್ಣ ಕೆಳಗಿನ ಬೀದಿಗೆ ಹೋಗಿ ನೀರು ಬಿಟ್ಟ. ಓಣಿಯ ಕೊನೆಯಿಂದ ಅತ್ತೆಯ ಕೂಗು ಕೇಳಿತು. ಯಾಕಮ್ಮ ಓಡಿದಳು. ಬಚ್ಚಲಿನ ನಲ್ಲಿ ಮೊದಲು ಗೊರಗೊರ ಎಂದು, ಕೆಂಪು ನೀರು ಕಾರಿ, ಆಮೇಲೆ ಹೆಬ್ಬೆರಳಿಗಿಂತ ದಪ್ಪಕ್ಕೆ ಸುರಿಯುತ್ತಿತ್ತು. ಅತ್ತೆ ಅದರ ಕೆಳಗೆ ಎರಡೂ ಕೈ ಒಡ್ಡಿ, ಸೀರೆಯೆಲ್ಲ ತೋಯಿಸಿಕೊಂಡು ನಿಂತಿದ್ದರು.

"ನಾನು ತೊಳೆದಿದ್ದಕ್ಕೇ ಬಂತು ನೋಡು!" ಎಂದರು. ಯಾಕಮ್ಮನಿಗೆ ನಗು ತಡೆಯಲಾಗಲಿಲ್ಲ.

ಆ ವಾರವೇ ಅತ್ತೆ ತಾವಾಗಿಯೇ, "ಕಣ್ಣಿನ ಡಾಕ್ಟರು ಎಷ್ಟು ಹೊತ್ತಿಗೆ ಬರ್ತಾರೆ?" ಎಂದು ಮಗನನ್ನು ಕೇಳಿದರು. ತಿಂಗಳೊಳಗೆ ಒಂದು ಕಣ್ಣಿನ ಪೊರೆ ತೆಗೆದರು. ಅಲ್ಲಿಂದ ಯಾಕಮ್ಮನಿಗೆ ಹೊಸ ಕಷ್ಟ ಶುರುವಾಯಿತು. ಇಸ್ತ್ರಿಯಾದ ಪ್ರತಿ ಬಟ್ಟೆಯನ್ನೂ ಅತ್ತೆ ಬೆಳಕಿಗೆ ಹಿಡಿದು, "ಇಲ್ಲೊಂದು ಸುಕ್ಕು ಉಳಿದಿದೆ" ಎನ್ನತೊಡಗಿದರು.

ಅದಕ್ಕೂ ಮುಂಚೆ, ನೀರು ಬಂದ ಮೂರನೇ ದಿನ, ನೀರಣ್ಣನಿಂದ ಸುದ್ದಿ ತಿಳಿದು ನೀರಿನ ಕಚೇರಿಯ ಇಂಜಿನಿಯರಮ್ಮ ಮನೆಗೆ ಬಂದಳು. ಇನ್ನೂ ಚಿಕ್ಕ ವಯಸ್ಸಿನವಳು. ಚಪ್ಪಲಿ ಬಿಟ್ಟು ಬಂದವಳೇ ನೆಲದ ಮೇಲೆ ಕೂತು, ಉಳಿದಿದ್ದ ಹದಿಮೂರು ಹಾಳೆಗಳನ್ನು ಒಂದೊಂದಾಗಿ ಬಿಚ್ಚಿದಳು. ಅವುಗಳಲ್ಲಿ ಐದು ನೀರಿನ ಕೊಳವೆಯವು.

"ನಮ್ಮ ಕಚೇರಿಯಲ್ಲಿ ಇವುಗಳ ಪ್ರತಿ ಇಲ್ಲ. ಇದ್ದದ್ದೆಲ್ಲ ಆ ನಕ್ಷೆ ಆಫೀಸಿನಲ್ಲೇ ಇತ್ತು. ಮೊದಲಿನವುಗಳಲ್ಲಿ ಏನಿತ್ತಮ್ಮ?"

ಯಾಕಮ್ಮ ತಲೆ ತಗ್ಗಿಸಿದಳು. "ನಾಲ್ಕನ್ನು ನೋಡದೆ ತೊಳೆದುಬಿಟ್ಟೆ. ಆಮೇಲಿನ ನಾಲ್ಕರದ್ದು ಬರೆದಿಟ್ಟಿದ್ದೀನಿ." ನೋಟ್‌ಬುಕ್ಕು ತಂದುಕೊಟ್ಟಳು. ಅದರಲ್ಲಿ ಹಾಳೆಯ ಉದ್ದ ಅಗಲ, ಕುಗ್ಗಿದ್ದೆಷ್ಟು, ಅದರ ಕೆಳಗೆ 'ಸೇತುವೆ, ಮೊಳೆ ನೂರಾ ಹನ್ನೆರಡು', 'ಗೋಪುರ, ಒಳಗೆ ಸುರುಳಿ ಮೆಟ್ಟಿಲು'. ಇಂಜಿನಿಯರಮ್ಮ ಓದಿ ಮುಗಿಸಿ ಫೋನಿನಲ್ಲಿ ಆ ಪುಟಗಳ ಚಿತ್ರ ತೆಗೆದುಕೊಂಡಳು. ಯಾಕಮ್ಮ ಬಿಡುವಳೇ? ಈ ಚುಕ್ಕಿಗೆರೆ ಯಾಕೆ, ಈ ಬಾಣ ಯಾಕೆ, ಈ ಅಂಕಿ ತಲೆಕೆಳಗಾಗಿ ಯಾಕೆ ಎಂದು ಒಂದು ಗಂಟೆ ಕೂರಿಸಿಕೊಂಡಳು. ಚುಕ್ಕಿಗೆರೆ ಎಂದರೆ ಕಣ್ಣಿಗೆ ಕಾಣದೆ ಮರೆಯಲ್ಲಿರುವುದು ಎಂದು ತಿಳಿದಾಗ, ಐದೂ ಹಾಳೆಗಳ ಚುಕ್ಕಿಗೆರೆಗಳನ್ನು ಮತ್ತೆ ಮೊದಲಿನಿಂದ ನೋಡಿದಳು.

ಉಳಿದ ಹಾಳೆಗಳನ್ನು ಕಚೇರಿಗೆ ಬಿಟ್ಟುಕೊಡಲು ಕೌದಿ ಅಕ್ಕನನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. "ಮಕ್ಕಳ ಕೌದಿಗೆ ಬಟ್ಟೆ ನಾನೆಲ್ಲಿಂದ ತರಲಿ? ನಕ್ಷೆ ಹೊದ್ದುಕೊಂಡು ಮಲಗೋಕಾಗುತ್ತಾ?" ಎಂದು ರೇಗಿದಳು. ಕೊನೆಗೆ ಕಚೇರಿಯವರು ಹದಿಮೂರು ಹಾಳೆಗಳನ್ನು ಇಟ್ಟುಕೊಂಡು, ಅದಕ್ಕೆ ಬದಲಾಗಿ ಅಷ್ಟೇ ಬಿಳಿ ಹತ್ತಿಬಟ್ಟೆ ಕೊಡಿಸಿದರು. ಹತ್ತು ದಿನದ ಗಡುವಿನಲ್ಲಿ ಉಳಿದದ್ದು ಎರಡೇ ದಿನ. ಮೊದಲಾಗಿದ್ದರೆ ನೂರು ಕೊಡಕ್ಕೂ ಮೇಲೆ ಹೊರಬೇಕಿತ್ತು. ಈಗ ತೊಟ್ಟಿ ತಾನಾಗಿ ತುಂಬುತ್ತಿತ್ತು. ಅತ್ತೆ ಸೊಸೆ ತಾರಸಿಯ ಮೇಲೆ ಜಗ್ಗಿದ್ದೇ ಜಗ್ಗಿದ್ದು. ಗಂಡ ಕೂಡ ಬಸ್ಸು ನಿಲ್ಲಿಸಿ ಬಂದು ಒಂದು ಮೂಲೆ ಹಿಡಿದ. ಅರ್ಧ ತೊಯ್ದ ಹಾಳೆಯನ್ನು ಕಚೇರಿಯವರು ಹಾಗೆಯೇ ಒಯ್ದರು.

ಹದಿನೈದು ದಿನ ಕಳೆದ ಮೇಲೆ ಇಂಜಿನಿಯರಮ್ಮ ಮತ್ತೆ ಬಂದಳು, ಕಂಕುಳಲ್ಲಿ ಒಂದು ಸುರುಳಿ. ಇವುಗಳನ್ನು ಕಂಡ ಮೇಲೆ ಹುಡುಕಿದರೆ, ಕಚೇರಿಯ ಅಟ್ಟದಲ್ಲೇ ಇಂಥವು ಇನ್ನೂ ನಲವತ್ತು ಸಿಕ್ಕಿದ್ದವು. ವರ್ಷಗಟ್ಟಲೆ ಸುತ್ತಿಟ್ಟು ಗಟ್ಟಿಯಾಗಿ, ಬಿಚ್ಚಿದರೆ ಮತ್ತೆ ಸುತ್ತಿಕೊಳ್ಳುತ್ತಿದ್ದವು. ಪ್ರತಿ ತೆಗೆಯಬೇಕಾದರೆ ಹಾಳೆ ಸಪಾಟಾಗಬೇಕು. ನೀರು ಮಾತ್ರ ಸೋಕಿಸುವ ಹಾಗಿಲ್ಲ.

"ನೀರಿಲ್ಲದೆ ಇಸ್ತ್ರಿ ಮಾಡೋಕಾಗುತ್ತಾ ಅಮ್ಮ?"

"ಗೊತ್ತಿಲ್ಲ. ಯಾರೂ ಮಾಡಿ ನೋಡಿಲ್ಲವೇನೋ" ಎಂದಳು ಯಾಕಮ್ಮ. ಅಷ್ಟು ಹೇಳುವಾಗಲೇ ಆಕೆಯ ಕೈ ಸುರುಳಿಯ ದಾರ ಬಿಚ್ಚುತ್ತಿತ್ತು. ಗೆರೆಯಿಲ್ಲದ ಒಂದು ಮೂಲೆ ಆರಿಸಿ, ಮೇಲೆ ತೆಳುವಾದ ಒಣಬಟ್ಟೆ ಹಾಸಿದಳು. ಪೆಟ್ಟಿಗೆಯ ಬಿಸಿಯನ್ನು ಅಂಗೈ ಹತ್ತಿರ ಹಿಡಿದು ನೋಡಿ, ಇನ್ನಷ್ಟು ಆರಲಿ ಎಂದು ಬದಿಗಿಟ್ಟು, ಮತ್ತೆ ನೋಡಿದಳು. ಆಮೇಲೆ ಮೊಣಕಾಲೂರಿ, ಒಂದೇ ಒಂದು ಸಲ ಒತ್ತಿ ಎತ್ತಿದಳು. ಇಂಜಿನಿಯರಮ್ಮನೂ ಅತ್ತೆಯೂ ಎರಡು ಕಡೆಯಿಂದ ಬಗ್ಗಿದರು. ಯಾಕಮ್ಮ ಮೇಲಿನ ಬಟ್ಟೆಯನ್ನು ನಿಧಾನವಾಗಿ ಸರಿಸಿದಳು. ಮೂಲೆ ನೆಲಕ್ಕೆ ಅಂಟಿದ ಹಾಗೆ ಸಪಾಟಾಗಿ ಮಲಗಿತ್ತು.